ಅಕ್ಕನ ಬಿಳಿ ಒಂದು, ಬ್ಯಾಂಡಿನ ಕರಿ ಐದು

ನಮ್ಮ ಶಾಂತಕ್ಕನ ಮದುವೆಯಲ್ಲಿ ಹಾಡು ಕೆಟ್ಟದ್ದು ಅವಳಿಗೆ ಸ್ವರಜ್ಞಾನ ಇಲ್ಲದ್ದರಿಂದ ಎಂದು ನರೇಗಲ್ಲಿನ ಬೀಗರು ಹೇಳುತ್ತಾರೆ. ಬ್ಯಾಂಡಿನವರು ಭಂಗಿ ಏರಿಸಿಕೊಂಡಿದ್ದರು ಎಂದು ರೋಣದ ನಮ್ಮತ್ತೆ ಹೇಳುತ್ತಾಳೆ. ಎರಡೂ ವಾದಗಳನ್ನು ನಾನು ಖಂಡತುಂಡವಾಗಿ ತಿರಸ್ಕರಿಸುತ್ತೇನೆ. ಅಕ್ಕ ಸರಿಯಾಗಿಯೇ ಹಾಡಿದಳು. ಬ್ಯಾಂಡೂ ಸರಿಯಾಗಿಯೇ ಊದಿತು. ನಡುವೆ ನಾನಿದ್ದೆ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲು ಗೆದ್ದವನು!

ವರನ ತಂದೆ ರುದ್ರಪ್ಪನವರು ಮೊದಲೇ ಹೇಳಿದ್ದರು: "ಹುಡುಗಿ ಮದವಿ ದಿವಸ ಬ್ಯಾಂಡಿನ ಕೂಡ ಒಂದ್ ಹಾಡ್ಲಿ. ಚಲೋ ಆತಂದ್ರ ಪೇಟಿ ತಗೊಂಡ ಬರ್ಲಿ. ಇಲ್ಲಂದ್ರ ಹಾಡು ತವರಮನ್ಯಾಗ ಇರ್ಲಿ." ಪೇಟಿ ಎಂದರೆ ಅಕ್ಕನ ಹಾರ್ಮೋನಿಯಂ. ಅವಳ ಜೀವ. ಬ್ಯಾಂಡಿನ ಉಸ್ತುವಾರಿ ನನ್ನದು. ಇದಕ್ಕಿಂತ ಸುಲಭದ ಕೆಲಸ ಇನ್ನೇನಿದೆ?

ಬ್ಯಾಂಡು ಗಜೇಂದ್ರಗಡದ ಹುಸೇನಸಾಬರದು. ಅವರು ಪಲ್ಟನ್ ಬಿಟ್ಟು ಬಂದಿದ್ದರು. ಅವರ ಮೀಸೆ ಇನ್ನೂ ಅಲ್ಲೇ ಇತ್ತು. ತಾಲೀಮಿಗೆ ಕೂತಾಗ ಅಕ್ಕ ಪೇಟಿಯ ಬಿಳಿ ಒಂದನೇ ಮನೆ ಒತ್ತಿ 'ಸಾ' ಹಿಡಿದಳು. ತುತ್ತೂರಿಯವನೂ ಸ್ವರ ಬರೆದ ಹಾಳೆ ನೋಡಿ 'ಸಾ' ಊದಿದ. ಅದು ಪೇಟಿಯ ಕರಿ ಐದಕ್ಕೆ ಹೊಂದಿತು. ಪೂರಾ ಒಂದು ಸ್ವರ ಕೆಳಗೆ!

"ಹಾಳಿ ಮ್ಯಾಲೆ ಸಾ, ಬಾಯಾಗ ನೀ! ಇದೇನ್ ಮೋಸಾರೀ ಸಾಬ್ರ?" ಅಂದೆ ನಾನು.

"ಮೋಸ ಅಲ್ರಿ, ಕಾಯ್ದೆ. ನಮ್ಮ ತುತ್ತೂರಿ ಸಾ ಅಂದ್ರ ಇದ!"

"ದೊಡ್ಡ ಕೊಂಬು ಎಮ್ಮಿಗತೆ ಒದರತೈತಿ, ಸಣ್ಣದು ಕೋಗಿಲಿಗತೆ. ಎರಡರ ಹಾಳಿ ಮ್ಯಾಲೂ ಶುರುವಿಗೆ ಸ್ವರದ ಎತ್ತರ ತೋರ್ಸೂ ಜಿಲೇಬಿ ಗುರ್ತ ಒಂದ ನಮೂನಿ ಯಾಕ್ರಿ?"

"ಇವತ್ತ ಸಣ್ಣದು ಊದಾಂವ ನಾಳೆ ದೊಡ್ಡದು ಊದಿದ್ರೂ ಬೆರಳು ಬದಲಾಗಬಾರದು, ಅದಕ್ಕ. ಹಾಳಿ ಇರೂದು ಬೆರಳಿಗೆ. ನಿಮ್ಮ ಕಿವಿಗಲ್ಲ!"

"ಹಂಗಾರ ನಿಮ್ಮ ಬ್ಯಾಂಡು ಒಂದ್ ಸ್ವರ ಏರ್ಲಿ."

"ನಿಮ್ಮ ಅಕ್ಕಾರು ಒಂದ್ ಸ್ವರ ಇಳೀಲಿ!"

ನಾನು ತರ್ಕ ಹೂಡಿದೆ. ಅವರು ಪಲ್ಟನ್ ಹೂಡಿದರು. ಕಡೆಗೆ ಅಕ್ಕ ಪೇಟಿ ಮುಚ್ಚಿ, "ಯಾರರೆ ಒಬ್ರು ಸೋಲ್ರೆಪಾ, ನಾ ಹಾಡಬೇಕು" ಅಂದಳು.

ಯಾರೂ ಸೋಲಲಿಲ್ಲ. ಅಂದರೆ, ಎದುರೆದುರು ಸೋಲಲಿಲ್ಲ.

ಮದುವೆಯ ದಿನ ಬೆಳಗ್ಗೆ ಸ್ನಾನ ಮಾಡುವಾಗ ಸಾಬರ ಮಾತಿನಲ್ಲಿ ಅರ್ಥವಿದೆ ಅನ್ನಿಸಿತು. ಆದರೆ ಅದನ್ನು ಸಾಬರ ಮುಂದೆ ಒಪ್ಪುವುದೇ? ಢಾಲಿನ ಗತಿ? ಅಕ್ಕನ ಕಿವಿಯಲ್ಲಿ ಹೇಳಿದೆ: "ಕರಿ ಐದರಾಗ ಹಾಡು. ಸಾಬರಿಗೆ ಹೇಳಬ್ಯಾಡ." ಹಾಡು ಶುರುವಾಗುವ ಹೊತ್ತಿಗೆ ಸಾಬರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆ ನಗೆಯ ಅರ್ಥ ತಡವಾಗಿ ತಿಳಿಯಿತು. ನನಗೆ ಹೇಳದೆ ಅವರೂ ಕೂತು, ಎಲ್ಲ ಹಾಳೆಗಳನ್ನು ಒಂದು ಸ್ವರ ಮೇಲಕ್ಕೆ ಬರೆದುಬಿಟ್ಟಿದ್ದರು!

ಅಕ್ಕ ಕರಿ ಐದಕ್ಕೆ ಇಳಿದಳು. ಬ್ಯಾಂಡು ಬಿಳಿ ಒಂದಕ್ಕೆ ಏರಿತು. ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಹಾದುಹೋಗಿದ್ದೆವು. ಅಕ್ಕ ಗಾಬರಿಯಾಗಿ ಬಿಳಿ ಒಂದಕ್ಕೆ ಹಾರುವಷ್ಟರಲ್ಲಿ ಸಾಬರು ಕೈ ಎತ್ತಿ ಬ್ಯಾಂಡು ನಿಲ್ಲಿಸಿದರು. ಚಪ್ಪರದ ತುಂಬ ಉಳಿದದ್ದು ಅವಳೊಬ್ಬಳ ನಡುಗುವ ದನಿ, ಮಂದಿಯ ನಗು.

ರುದ್ರಪ್ಪನವರು ಅಪ್ಪನಿಗೆ ಹೇಳಿದರು: "ಬೀಗ್ರ, ಬ್ಯಾಂಡಿನವರು ದಿನಾ ಊದಾವ್ರು, ಅವರು ತಪ್ಪಂಗಿಲ್ಲ. ಪೇಟಿ ಇಲ್ಲೇ ಇರ್ಲಿ."

ಹುಸೇನಸಾಬರೂ ನಾನೂ ಏಕಕಂಠದಿಂದ ಹುಡುಗಿಯದು ತಪ್ಪಿಲ್ಲ ಎಂದು ವಾದಿಸಿದೆವು. ಅದೇ ನಾವು ಹೊಂದಿಸಿದ ಒಂದೇ ಒಂದು ಸ್ವರ! ಬೀಗರು ಊಟಕ್ಕೆ ಎದ್ದರು.

ಗಂಡನ ಮನೆಗೆ ಹೊರಟ ಚಕ್ಕಡಿ ಏರುವಾಗ ಅಕ್ಕ ಅಳಲಿಲ್ಲ. "ತಮ್ಮಾ, ಇದಕ್ಕೂ ಢಾಲ ಕೊಡ್ತಾರೇನೋ?" ಅಂದಳು.

ಈಗ ಪೇಟಿ ನಮ್ಮ ಪಡಸಾಲೆಯಲ್ಲಿದೆ. ಅದರ ಮೇಲೆ ಅವ್ವ ನನ್ನ ಢಾಲು ಇಟ್ಟಿದ್ದಾಳೆ. ಜಾಗ ಬೇರೆ ಇಲ್ಲವಂತೆ.

ನನ್ನ ವಾದ ಮುಗಿಯಿತು. ರುದ್ರಪ್ಪ ಮಾವಾರ, ನಿಮಗೊಂದೇ ಪ್ರಶ್ನೆ: ಅಷ್ಟು ತುತ್ತೂರಿಗಳ ನಡುವೆ ಸ್ವರ ತಪ್ಪಿದವಳು ನಮ್ಮ ಶಾಂತಕ್ಕನೇ ಅಂತ ನಿಮಗ ಗೊತ್ತಾಗಿದ್ದು ಹ್ಯಾಂಗ್ರಿ?