ಟಿಮ್ಮಿ

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವಳು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿದರೆ ಅದರಲ್ಲಿ ಹುಳವಿದೆಯೆಂದೇ ನಾನು ತಿಳಿಯುವುದು. ಅಂಥವನ ಹೆಂಡತಿ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡತೊಡಗಿದರೆ ಅವನ ಗತಿ ಏನಾಗಬೇಕು?

ಬನ್ನಿಮಂಟಪದ ಹತ್ತಿರದ ನಮ್ಮ ವಠಾರದಲ್ಲಿ ನನ್ನ ಹೆಂಡತಿ ಕಮಲ ಮತ್ತು ಪಕ್ಕದ ಮನೆಯ ಪುಟ್ಟತಾಯಮ್ಮ ಅಕ್ಕಿ ಆರಿಸುತ್ತಾ ಆರಿಸುತ್ತಾ ತಾವಿಬ್ಬರೇ ಒಂದು ಭಾಷೆ ಕಟ್ಟಿಬಿಟ್ಟಿದ್ದರು. ಕಟ್ಟಿಕೊಳ್ಳಲಿ ಎಂದು ಸುಮ್ಮನಿರಬಹುದಿತ್ತು. ಆದರೆ ನನ್ನದು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ನನಗೆ ಬಡ್ತಿ ಬಂದಿರಲಿಲ್ಲ. ಅದಕ್ಕಾಗಿ ನಾವಿಬ್ಬರೂ ಸಂಕಷ್ಟಿ ಹಿಡಿದಿದ್ದೆವು. ಚಂದ್ರನನ್ನು ನೋಡುವವರೆಗೆ ಊಟವಿಲ್ಲ. ಅವಳು ಬರೀ ನೀರು ಕುಡಿದು ಇರುತ್ತಿದ್ದಳು. ನಾನು ಕಚೇರಿಯಿಂದ ಬರುವಾಗ ಹೋಟೆಲಿಗೆ ನುಗ್ಗಿ, ಎರಡು ಮಸಾಲೆ ದೋಸೆ ತಿಂದು, ಮುಖ ಬಾಡಿಸಿಕೊಂಡು ಮನೆಗೆ ಬರುತ್ತಿದ್ದೆ. ಇದು ಇವರಿಗೆ ಗೊತ್ತಾಗಿದೆಯೆ? ಅದನ್ನೇ ನಗುತ್ತಾ ಆಡಿಕೊಳ್ಳುತ್ತಿದ್ದಾರೆಯೆ?

ಜಗಲಿಯಲ್ಲಿ ಪತ್ರಿಕೆ ಅಡ್ಡ ಹಿಡಿದು ಕಿವಿಗೊಟ್ಟು ಕೂತೆ. ಮೊದಲು ಸಿಕ್ಕಿದ ಮಾತು 'ಟಿಮ್ಮಿ'. ಅದು ನಾನೇ ಎಂದು ಒಂದು ವಾರ ಕೊರಗಿದೆ. ಆಮೇಲೆ ನೋಡಿದರೆ ಇಬ್ಬರೂ ಅದನ್ನು ಹೇಳುವಾಗ ಆಕಾಶ ನೋಡುತ್ತಾರೆ. ಟಿಮ್ಮಿ ಎಂದರೆ ಚಂದ್ರ! ಟಿಮ್ಮಿಬೂ ಎಂದರೆ ಇನ್ನೂ ಹುಟ್ಟದ ಚಂದ್ರ. ಟಿಮ್ಮಿಕೋ, ಮೋಡದಲ್ಲಿ ಅವಿತವನು. ಟಿಮ್ಮಿಲೂ, ಕಣ್ಣಿಗೆ ಬಿದ್ದವನು. ಕನ್ನಡದ ವಿಭಕ್ತಿಗಳು ಬೆತ್ತವಿಲ್ಲದೆ ನನ್ನ ತಲೆಗೆ ಹತ್ತಿರಲಿಲ್ಲ. ಇದು ಮೂರೇ ಸಂಕಷ್ಟಿಯಲ್ಲಿ ಬಂತು. ದೋಸೆಗೆ ಏನನ್ನುತ್ತಾರೆಂಬುದು ಮಾತ್ರ ತಿಳಿಯಲಿಲ್ಲ.

ನಾಲ್ಕನೆಯ ಸಂಕಷ್ಟಿಯ ದಿನ ಮೋಡ ಕವಿದಿತ್ತು. ಒಳಗಿನಿಂದ ಅವರೆಕಾಳಿನ ಹುಳಿಯ ವಾಸನೆ ಬೇರೆ. ಅಷ್ಟರಲ್ಲಿ ಹಿತ್ತಲಿನಿಂದ ಪುಟ್ಟತಾಯಮ್ಮ ಕೂಗಿದರು:

"ಟಿಮ್ಮಿಲೂ ಕಣಕ್ಕಾ! ಬ್ಯಾಗ ಬಂದ್ಬುಡು!"

ಕಮಲ ಹಿತ್ತಲಿಗೆ ಹೋಗಿ ಚಂದ್ರನಿಗೆ ಕೈಮುಗಿದು ಬರುವಷ್ಟರಲ್ಲಿ ನಾನು ಕೈಕಾಲು ತೊಳೆದು, ಮಣೆ ಹಾಕಿ, ಎಲೆಯ ಮುಂದೆ ಕೂತಿದ್ದೆ. ಅವಳು ಬಾಗಿಲಲ್ಲೇ ನಿಂತಳು.

"ಚಂದ್ರ ಬಂದ ಅಂತ ನಿಮಗೆ ಯಾರು ಹೇಳಿದ್ರು?"

"ಹಸಿವು ಹೇಳ್ತು ಕಣೇ."

"ದೋಸೆ ತಿಂದ ಮೇಲೂ ಹಸಿವೇ? ನಿಮ್ಮ ಕರ್ಚೀಫು ಒಗೆಯೋಳು ನಾನೇ ಕಣ್ರೀ. ಪ್ರತಿ ಸಂಕಷ್ಟಿಗೂ ಈರುಳ್ಳಿ ಪಲ್ಯದ ವಾಸನೆ! ಬಡ್ತಿ ಬರಲಿಲ್ಲ ಅಂತ ಪಾಪ, ಆ ಗಣಪತೀನ ಯಾಕೆ ಅನ್ನಬೇಕು?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಹಸಿದ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಅವಳು ಬಡಿಸಿದಳು, ಹುಳಿಯನ್ನು ಮಾತ್ರ ಒಂದೇ ಸೌಟು.

ಮರುದಿನದಿಂದ ಅವರಿಬ್ಬರದು ಹೊಸ ಭಾಷೆ. ಅದರಲ್ಲಿ ಚಂದ್ರನಿಗೆ ಏನನ್ನುತ್ತಾರೋ ನಾನರಿಯೆ. ದೋಸೆ ಬಿಟ್ಟಿದ್ದೇನೆ, ಈಗ ನನ್ನದು ಶುದ್ಧ ಉಪವಾಸ. ಹಿತ್ತಲಿಗೆ ಹೋಗಿ ನಾನೇ ನೋಡೋಣವೆಂದರೆ ಪುಟ್ಟತಾಯಮ್ಮನಿಗೆ ತೋರಿಸಲು ಮುಖವಿಲ್ಲ. ಚಂದ್ರ ಬಂದನೆಂದು ಕಮಲ ಕನ್ನಡದಲ್ಲಿ ಹೇಳುವವರೆಗೆ ನನಗೆ ಊಟವಿಲ್ಲ. ಆದರೆ ನಮ್ಮ ಮನೆಗೆ ಮಾತ್ರ ಆ ಚಂದ್ರ ಪ್ರತಿ ತಿಂಗಳೂ ಅರ್ಧ ಗಂಟೆ ತಡವಾಗಿ ಬರುತ್ತಿದ್ದಾನೆಂದು ನನಗೆ ಬಲವಾದ ಗುಮಾನಿ.