ಅತ್ತೆ ನುಂಗಿದ ಮಾತ್ರೆ

ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗಬೇಕೆಂದರೆ ನಾಟಕಕ್ಕೆ ಹೋಗಬೇಕಾಗಿಲ್ಲ. ಬಸುರಿಯ ಜೊತೆ ಬರುವವರನ್ನು ನೋಡಿದರೆ ಸಾಕು. ಎಪ್ಪತ್ತರ ದಶಕದಲ್ಲಿ ನಾನು ವಿಜಯನಗರದ ಒಂದು ಪುಟ್ಟ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅಲ್ಲಿಗೆ ಬಂದ ಅತ್ತೆಯರಲ್ಲಿ ಮಾರೇನಹಳ್ಳಿಯ ಒಬ್ಬಾಕೆಯನ್ನು ಇವತ್ತಿಗೂ ಮರೆತಿಲ್ಲ.

೧. ಎರಡಂತೆ!

ಸೊಸೆ ತಾಯಿಯಿಲ್ಲದ ಹುಡುಗಿ. ಚೊಚ್ಚಲ ಬಸಿರಾದರೂ ತವರಿಗೆ ಹೋಗುವ ಹಾಗಿರಲಿಲ್ಲ. ನಾವು ಏನು ಕೇಳಿದರೂ ಉತ್ತರ ಅತ್ತೆಯದೇ.

ಹೊಟ್ಟೆ ತಿಂಗಳಿಗೆ ಮೀರಿ ಬೆಳೆದಿತ್ತು. ಆಗ ಸ್ಕ್ಯಾನಿಂಗ್ ಎಲ್ಲಿತ್ತು? ಡಾಕ್ಟರಮ್ಮ ಮರದ ಕೊಳವೆ ಇಟ್ಟು ಒಂದು ಕಡೆ ಎದೆಬಡಿತ ಎಣಿಸಿದರು, ಇನ್ನೊಂದು ಕಡೆ ನಾನು ಎಣಿಸಿದೆ. ಲೆಕ್ಕ ಬೇರೆ ಬೇರೆ ಬಂತು.

"ಅವಳಿ ಮಕ್ಕಳಮ್ಮ. ಇವಳಿಗೆ ರಕ್ತ ಕಮ್ಮಿ ಇದೆ. ಈ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಚೆನ್ನಾಗಿ ಊಟ ಕೊಡಿ. ಇಲ್ಲದಿದ್ರೆ ಹೆರಿಗೇಲಿ ಜೀವಕ್ಕೇ ಕಷ್ಟ" ಎಂದರು ಡಾಕ್ಟರಮ್ಮ.

ಅತ್ತೆ ನಮ್ಮಿಬ್ಬರನ್ನೂ ನೋಡಿದರು. "ನಮ್ಮ ವಂಶದಲ್ಲಿ ಯಾರೂ ಎರಡು ಹೆತ್ತಿಲ್ಲ. ನೀವಿಬ್ಬರು ಕೇಳಿದ್ರಿ, ಅದಕ್ಕೇ ಎರಡಾಯ್ತು. ಒಬ್ಬರೇ ಕೇಳಿ ನೋಡಿ!"

೨. ಬಸುರಿ ಯಾರು?

ಎರಡು ತಿಂಗಳ ಮೇಲೆ ಇಬ್ಬರೂ ಬಂದರು. ಅತ್ತೆ ದಡದಡನೆ ಮೆಟ್ಟಿಲು ಹತ್ತಿದರು, ಕೆನ್ನೆ ಕೆಂಪಗಿತ್ತು. ಹಿಂದೆ ಸೊಸೆ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಮುಖ ಸುಣ್ಣದ ಗೋಡೆಗಿಂತ ಬೆಳ್ಳಗಿತ್ತು.

"ಮಾತ್ರೆ ಕೊಟ್ರಾ?"

"ಅದು ತಿಂದ್ರೆ ಮಗು ಕಪ್ಪಗಾಗುತ್ತೆ ಡಾಕ್ಟ್ರೇ. ಹಾಗಂತ ಬಿಸಾಕೋಕಾಗುತ್ತಾ? ನಾನೇ ತಗೊಂಡೆ. ಮಂಡಿನೋವು ಸಹ ಹೋಯ್ತು!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಹೆರಿಗೆ ಡೇಟೂ ನಿಮ್ಮ ಹೆಸರಿಗೇ ಬರೀಲಾ?"

೩. ಮಲಗಿಕೊಂಡೇ ಇದಾಳಲ್ಲ

ಹೊಸ ಮಾತ್ರೆ ಕೊಟ್ಟು, ಹಾಸಿಗೆ ಬಿಟ್ಟು ಏಳಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾಯಿತು. ವಾರ ಕಳೆದು ಡಾಕ್ಟರಮ್ಮ ನನ್ನನ್ನೇ ಅವರ ಮನೆಗೆ ಕಳಿಸಿದರು. ಆಗ ಅವರೆಕಾಯಿ ಕಾಲ. ಹುಡುಗಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ತಲೆಯ ಹತ್ತಿರ ನೆನೆಸಿದ ಅವರೆಕಾಳಿನ ಪಾತ್ರೆ. ಊದಿದ ಬೆರಳಲ್ಲಿ ಒಂದೊಂದೇ ಕಾಳು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನಮ್ಮ ಇದು? ರೆಸ್ಟ್ ಅಂದಿದ್ರಲ್ಲ?"

ಅತ್ತೆಗೂ ಸಿಟ್ಟು ಬಂತು. "ಮಲಗಿಕೊಂಡೇ ಇದಾಳಲ್ಲ! ಕೈಗೂ ರೆಸ್ಟ್ ಅಂತ ನಿಮ್ಮ ಡಾಕ್ಟ್ರು ಯಾವಾಗ ಹೇಳಿದ್ರು?"

೪. ಅವಳದ್ದು ಅವಳಿಗೆ

ಅವತ್ತೇ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡೆವು. ಮಾತ್ರೆಯನ್ನು ನಾನೇ ಬಾಯಿಗೆ ಹಾಕಿ, ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದೆ. ಆದರೆ ಆಗಲೇ ಎಂಟು ತುಂಬಿತ್ತು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತು.

ಮೂರನೆಯ ವಾರ ಹೆರಿಗೆ ಆಯಿತು. ಎರಡೂ ಹೆಣ್ಣು, ಎರಡೂ ಕೆಂಪಗೆ ಟೊಮೇಟೊ ಹಣ್ಣಿನಂತಿದ್ದವು. ಆಮೇಲೆ ತಾಯಿಗೆ ರಕ್ತಸ್ರಾವ ಶುರುವಾಯಿತು. ನಿಲ್ಲಿಸುವ ಹೊತ್ತಿಗೆ ಹುಡುಗಿಯ ಕೈಕಾಲು ತಣ್ಣಗಾಗಿದ್ದವು. ತಕ್ಷಣ ರಕ್ತ ಕೊಡಬೇಕಿತ್ತು. ಗಂಡ ಸೂಜಿ ನೋಡಿಯೇ ಬೆಂಚಿನ ಮೇಲೆ ಒರಗಿದ. ಅವನ ರಕ್ತ ಪರೀಕ್ಷೆ ಮಾಡಿದರೆ ಹೊಂದಲೂ ಇಲ್ಲ. ಹೊಂದಿದ್ದು ಅತ್ತೆಯದು!

"ಅಯ್ಯೋ, ನನಗೇ ನಿಶ್ಶಕ್ತಿ!" ಎಂದರು ಆಕೆ.

"ಎರಡು ತಿಂಗಳು ಅವಳ ಮಾತ್ರೆ ನುಂಗಿದೋರಿಗೆ ಎಲ್ಲಿಯ ನಿಶ್ಶಕ್ತಿ? ಅವಳದ್ದು ಅವಳಿಗೆ ಕೊಡಿ" ಎಂದರು ಡಾಕ್ಟರಮ್ಮ.

ಅತ್ತೆ ಕೈ ಚಾಚಿದರು. ಹುಡುಗಿ ಕಣ್ಣು ಬಿಡುವ ತನಕ ನನಗೆ ಜೀವದಲ್ಲಿ ಜೀವ ಇರಲಿಲ್ಲ.

ಮನೆಗೆ ಹೊರಡುವ ದಿನ ಅತ್ತೆ ವಾರ್ಡಿನಲ್ಲೆಲ್ಲ ಸುತ್ತಿ ಹೇಳಿದ್ದೇ ಹೇಳಿದ್ದು: "ನನ್ನ ರಕ್ತ ಕೊಟ್ಟು ಸೊಸೇನ ಉಳಿಸ್ಕೊಂಡೆ." ನಾನು ಬಾಣಂತಿಯ ಕೈಗೆ ಮೂರು ತಿಂಗಳ ಮಾತ್ರೆ ಕೊಟ್ಟೆ. ಅಷ್ಟು ದಿನ ಅವಳ ದನಿಯನ್ನೇ ನಾವು ಸರಿಯಾಗಿ ಕೇಳಿರಲಿಲ್ಲ. ಎಲ್ಲರೆದುರಿಗೆ ಒಂದು ಮಾತ್ರೆ ನುಂಗಿ ನೀರು ಕುಡಿದಳು. ಇನ್ನೊಂದನ್ನು ಅತ್ತೆಯ ಮುಂದೆ ಹಿಡಿದು ಮೆತ್ತಗೆ ಹೇಳಿದಳು:

"ದಿನಾ ಒಂದು ನೀವೂ ತಗೊಳ್ಳಿ ಅತ್ತೆ. ಮುಂದಿನ ಹೆರಿಗೆಗೆ ಬೇಕಾಗುತ್ತೆ, ನಿಮ್ಮಲ್ಲೇ ಇರ್ಲಿ."