ಕುದುರೆ ಛಾವಣಿ ಹತ್ತಕೂಡದು

ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು, ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತು ದೇವರಿಗೆ ಕೈಮುಗಿಯುವುದನ್ನು ನಾನು ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಹೋಗಿ ನಿಂತಿದ್ದೇನೆ. ಆದರೆ ಏನನ್ನೂ ಬೇಡಿ ಅಭ್ಯಾಸವಿಲ್ಲ. ಹಿಂದಿನ ದಿನ ಮನೆಯಲ್ಲಿ ಏನೇನಾಯಿತೆಂದು ಒಪ್ಪಿಸಿ ಬರುತ್ತೇನೆ, ಅಷ್ಟೆ. (ಅವನಿಗೆ ಮೊದಲೇ ಗೊತ್ತಿರುತ್ತದೆ, ನಿಜ. ಆದರೂ ನಮ್ಮ ಕಡೆಯ ಮಾತನ್ನೂ ಕೇಳಿರಲಿ ಎಂದು.) ಅಂಥವಳು ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ. "ಸ್ವಾಮೀ, ಹೇಗಾದ್ರೂ ಮಾಡಿ ಒಂದು ಆರು ಜನರನ್ನ ಯುದ್ಧಕ್ಕೆ ಕಳಿಸಪ್ಪಾ."

ಗಾಬರಿಯಾಗಬೇಡಿ. ಈ ಯುದ್ಧ ನಡೆಯುವುದು ಒಂದು ಹಲಗೆಯ ಮೇಲೆ, ಸೈನಿಕರು ನನ್ನ ಹೆಬ್ಬೆರಳಿನಷ್ಟು ಎತ್ತರದವರು. ನನ್ನ ಯಜಮಾನರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಹಗಲು ಊರಿನವರ ಬಾಯಿಗೆ ಹಲ್ಲು ಕೂರಿಸುತ್ತಾರೆ, ಸಂಜೆ ಅದೇ ಕೈಯಲ್ಲಿ ಸೈನಿಕರ ಮುಖಕ್ಕೆ ಮೀಸೆ ಬರೆಯುತ್ತಾರೆ. ಅವರ ಪರಮ ಮಿತ್ರ ಮತ್ತು ಆಜನ್ಮ ಶತ್ರು ಒಬ್ಬರಿದ್ದಾರೆ. ಗಡಿಯಾರ ರಿಪೇರಿಯವರು. ಮನೆಯಲ್ಲಿ ನಾವು ಅವರನ್ನು ದಂಡನಾಯಕರು ಎನ್ನುತ್ತೇವೆ. ಪ್ರತಿ ಭಾನುವಾರ ಇಬ್ಬರೂ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಹಲಗೆ ಹಾಸುತ್ತಾರೆ. ಸ್ಪಂಜಿನ ಗುಡ್ಡ, ರಟ್ಟಿನ ಮನೆಗಳು, ನೀಲಿ ಬಟ್ಟೆಯ ನದಿ. (ನದಿ ಹುಟ್ಟುವುದು ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ. ಯಾರು ಎಷ್ಟು ದೂರ ನಡೆದರೆಂದು ಅಳೆಯುವ ಟೇಪೂ ಅಲ್ಲಿಂದಲೇ ಹೋದದ್ದು.) ದಾಳ ಉರುಳಿಸುತ್ತಾ ಕಾದಾಡುತ್ತಾರೆ.

ಆಟಕ್ಕೆ ಮೊದಲು ಒಂದೇ ಹಾಳೆಯ ನಿಯಮವಿತ್ತಂತೆ. ಆಮೇಲೆ ಒಂದು ದಿನ ದಂಡನಾಯಕರು ತಮ್ಮ ಕುದುರೆಯನ್ನು ಒಂದು ಮನೆಯ ಮೇಲೆ ನಿಲ್ಲಿಸಿ, "ಹತ್ತಬಾರದು ಅಂತ ಎಲ್ಲಿ ಬರೆದಿದೆ?" ಎಂದರು. ನಮ್ಮವರು ಅಲ್ಲೇ ಬರೆದರು: ಕುದುರೆ ಛಾವಣಿ ಹತ್ತಕೂಡದು. ಮುಂದಿನ ವಾರ ದಂಡನಾಯಕರು, "ಇದು ಛಾವಣಿ ಅಲ್ಲ, ತಾರಸಿ" ಎಂದರು. ಛಾವಣಿ ಎಂದರೇನು ಎಂದು ಒಂದು ಪುಟವಾಯಿತು. ಹೀಗೆ ಜಗಳಕ್ಕೊಂದು ನಿಯಮ. ಇಬ್ಬರಿಗೂ ಜಗಳಕ್ಕೆ ಬರಗಾಲವಿಲ್ಲದ್ದರಿಂದ ಪುಸ್ತಕ ತಲೆದಿಂಬಿನಷ್ಟು ದಪ್ಪವಾಗಿ ಬೆಳೆಯಿತು.

ಆಟ ನೋಡಲು ಯಾರಾದರೂ ಹೊಸಬರು ಬಂದರೆ ನಮ್ಮವರು ಅವರನ್ನು ಪ್ರೀತಿಯಿಂದ ಕೂರಿಸಿಕೊಂಡು ಮೊದಲ ಪುಟದಿಂದ ಶುರುಮಾಡುತ್ತಿದ್ದರು. ಗಾಳಿಯ ದಿಕ್ಕಿನ ಅಧ್ಯಾಯ ಬರುವಷ್ಟರಲ್ಲಿ ಬಂದವರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಕೈ ತೊಳೆದು ಬರುತ್ತೇನೆಂದು ಹೋದವರು ಬರಲೇ ಇಲ್ಲ. ಅವರ ಕೊಡೆ ಮಾತ್ರ ಮೂಲೆಯಲ್ಲಿ ಕಾದು ನಿಂತಿತ್ತು.

ಕೊನೆಗೆ ಗ್ರಂಥಾಲಯದ ಮೇಡಂ ಹೇಳಿಬಿಟ್ಟರು. ಇಬ್ಬರಿಗಾಗಿ ಒಂದು ಕೋಣೆ ಬಿಡಲಾಗದು, ತಿಂಗಳೊಳಗೆ ಆರು ಜನ ಹೊಸಬರನ್ನು ಸೇರಿಸಿ, ಇಲ್ಲದಿದ್ದರೆ ಕೋಣೆ ಹಾಡುವ ತಂಡಕ್ಕೆ. ಅಂದು ಸಂಜೆ ಯಜಮಾನರು ಮನೆಗೆ ಬಂದವರೇ ನನ್ನ ಮೇಜನ್ನು ಅಳೆಯತೊಡಗಿದರು.

"ಏನ್ರೀ ಅದು?"

"ಏನಿಲ್ಲ. ಹಲಗೆ ಸರಿಯಾಗಿ ಕೂತ್ಕೊಳ್ಳುತ್ತೆ ಅನ್ಸುತ್ತೆ."

ಆ ಮೇಜೇ ನನ್ನ ಅನ್ನದ ಬಟ್ಟಲು. ಅದರ ಮೇಲೆ ನಾನು ಬಟ್ಟೆ ಕತ್ತರಿಸುತ್ತೇನೆ, ನಾಲ್ಕು ಜನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ.

"ಹಾಗಾದ್ರೆ ನಾನು ಬಟ್ಟೆ ಎಲ್ಲಿ ಕತ್ತರಿಸ್ಲಿ?"

"ಯುದ್ಧ ಇಲ್ಲದ ದಿನ ಕತ್ತರಿಸ್ಕೋ."

"ಈಗ ನಡೀತಿರೋ ಯುದ್ಧ ಯಾವಾಗ ಶುರುವಾಗಿದ್ದು?"

ಅವರು ಬೆರಳು ಮಡಿಸಿ ಎಣಿಸಿದರು. "ಹೋದ ಮಳೆಗಾಲದಲ್ಲಿ."

ಮಾರನೆಯ ಬೆಳಿಗ್ಗೆಯೇ ನಾನು ದೇವರಲ್ಲಿ ಆ ಆರು ಜನರನ್ನು ಬೇಡಿದ್ದು. ಬೇಡಿ ಸುಮ್ಮನೆ ಕೂತರೆ ಆದೀತೆ? ಒಂದು ಉಪಾಯ ಹೊಳೆಯಿತು. "ರೀ, ನನಗೆ ನಿಮ್ಮ ಆಟ ಕಲಿಸಿ" ಎಂದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಅವರ ಕಣ್ಣು ಹಾಗೆ ತುಂಬಿರಲಿಲ್ಲ.

ಇಡೀ ಮಧ್ಯಾಹ್ನ ಕೇಳಿದೆ. ಕೇಳಿಸಿಕೊಳ್ಳುವುದು ನನಗೆ ಕಷ್ಟವಲ್ಲ. ಅಳತೆ ಕೊಡಲು ಬಂದವರು ತೋಳಿನಿಂದ ಸೊಂಟಕ್ಕೆ ಬರುವಷ್ಟರಲ್ಲಿ ಅವರ ಅತ್ತೆಯ ಇಡೀ ಚರಿತ್ರೆಯನ್ನು ಕೇಳಿ ಪಳಗಿದ ಕಿವಿಗಳಿವು. ಪ್ರತಿ ನಿಯಮಕ್ಕೂ "ಇದು ಯಾಕೆ?" ಎಂದು ಮಾತ್ರ ಕೇಳಿದೆ. ಎಲ್ಲಕ್ಕೂ ಒಂದೇ ಉತ್ತರ: "ಅವನು ಒಂದ್ಸಲ ಏನು ಮಾಡ್ದ ಗೊತ್ತಾ?"

ನನಗೆ ಹೊಲಿಗೆಯನ್ನು ಯಾರೂ ಕಲಿಸಿದವರಿಲ್ಲ. ಹಳೆಯ ಅಂಗಿಗಳನ್ನು ಬಿಚ್ಚಿ ಬಿಚ್ಚಿ ಕಲಿತೆ. ಬಿಚ್ಚುವಾಗ ತಿಳಿಯುತ್ತದೆ, ಯಾವುದು ಅಂಗಿಯನ್ನು ಹಿಡಿದಿರುವ ಹೊಲಿಗೆ, ಯಾವುದು ಬರೀ ಚಂದಕ್ಕೆ ಹಾಕಿದ್ದು ಎಂದು. ಈ ನಿಯಮಗಳನ್ನೂ ಹಾಗೆಯೇ ಬಿಚ್ಚೋಣ ಎಂದೆ. ಊರಿನವರ ಹಲ್ಲು ನೋಡುವ ನನ್ನ ಗಂಡ, ತಮ್ಮದೇ ಹಲ್ಲು ಕೀಳಿಸಿಕೊಳ್ಳುವವರಂತೆ ದವಡೆ ಹಿಡಿದುಕೊಂಡರು. ಸುದ್ದಿ ತಿಳಿದು ದಂಡನಾಯಕರು ಓಡಿಬಂದರು.

"ತಂಗೀ, ಏನು ಬೇಕಾದ್ರೂ ತೆಗಿ. ಗಾಳಿ ನಿಯಮ ಒಂದನ್ನ ಬಿಡು."

"ಗಾಳಿ ಯಾರಿಗೆ ಬೇಕು ಅಣ್ಣಾ?"

"ಬಾಣಕ್ಕೆ."

"ಬಂದೋರಿಗೆ ಬಾಣ ಹಿಡಿಯೋದೇ ಗೊತ್ತಿರಲ್ಲ. ಗಾಳಿ ಬೀಸಿದ್ರೇನು, ಬಿಟ್ರೇನು?"

ಸಂಜೆಯ ಹೊತ್ತಿಗೆ ತಲೆದಿಂಬು ಕರಗಿ ಮೂರು ವಾಕ್ಯವಾಗಿತ್ತು. ಒಂದು ಗೇಣು ನಡೆ. ಶತ್ರು ಎದುರಾದರೆ ದಾಳ ಹಾಕು. ದೊಡ್ಡ ಸಂಖ್ಯೆ ಬಂದವನು ಗೆದ್ದ. ನನ್ನ ಬುದ್ಧಿಗೆ ನಾನೇ ತಲೆದೂಗಿ, ಪರೀಕ್ಷೆಗೆಂದು ನಾದಿನಿಯನ್ನು ಕರೆಸಿದೆ. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ, ಚೀಟಿ ಪೂರ್ತಿ ಓದುವ ಮೊದಲೇ ಮಾತ್ರೆ ತೆಗೆದಿಡುವ ಚುರುಕಿನವಳು. ಆಟಕ್ಕೆ ಕೂತಳು, ನಡೆದಳು, ದಾಳ ಹಾಕಿದಳು. ಕೊಟ್ಟ ಚಹಾ ಆರುವ ಮೊದಲೇ ಯುದ್ಧ ಮುಗಿದಿತ್ತು.

"ಇಷ್ಟೇನಾ ಅತ್ತಿಗೆ? ಇದಕ್ಕೆ ಇಷ್ಟೊಂದು ಸೈನಿಕರು ಯಾಕೆ? ಎರಡು ದಾಳ ಇದ್ರೆ ಸಾಕಿತ್ತಲ್ಲ."

ಹಿಡಿದಿದ್ದ ಹೊಲಿಗೆಯನ್ನೂ ಬಿಚ್ಚಿಬಿಟ್ಟಿದ್ದೆ, ಅಂಗಿಯ ತೋಳು ನನ್ನ ಕೈಗೇ ಕಳಚಿಕೊಂಡು ಬಂದಿತ್ತು. ಯಜಮಾನರು ಮೆಲ್ಲಗೆ ಒಂದು ಹಾಡು ಗುನುಗಿದರು. ಬೈದಿದ್ದರೇ ವಾಸಿಯಿತ್ತು.

ಎದ್ದು ಹೋಗಬೇಕಾದ ನಾದಿನಿ ಮಾತ್ರ ಹಲಗೆಯನ್ನೇ ನೋಡುತ್ತಿದ್ದಳು. "ಅಲ್ಲ, ನಾನು ಈ ಗುಡ್ಡದ ಹಿಂದೆ ಅಡಗಿಕೊಂಡಿದ್ರೆ ಇವನ ಬಾಣ ತಾಗ್ತಿತ್ತಾ?"

ಯಜಮಾನರ ಬಾಯಿ ತೆರೆಯಿತು. ಗುಡ್ಡದ ಅಧ್ಯಾಯದಿಂದ ಗಾಳಿಯ ಅಧ್ಯಾಯಕ್ಕೆ ಅವರು ಹಾರುವುದು ನನಗೆ ಕಾಣುತ್ತಿತ್ತು. ಪಕ್ಕದ ಡಬ್ಬಿಯಿಂದ ಒಂದು ಪೆಪ್ಪರಮಿಂಟು ತೆಗೆದು ಆ ಬಾಯಿಗೆ ಹಾಕಿಬಿಟ್ಟೆ. "ಅವಳು ಕೇಳಿದ್ದು ಗುಡ್ಡ. ಗುಡ್ಡದ ವಿಷಯ ಮಾತ್ರ ಹೇಳಿ."

"ತಾಗಲ್ಲ," ಎಂದರು ಅವರು, ಪೆಪ್ಪರಮಿಂಟಿನ ಸಂದಿಯಿಂದ.

"ಹೌದಾ?" ಎಂದು ನಾದಿನಿ ಕುರ್ಚಿ ಎಳೆದುಕೊಂಡಳು. "ಹಾಗಾದ್ರೆ ಸೇತುವೆ?"

ಅಂದು ನನಗೆ ಜ್ಞಾನೋದಯವಾಯಿತು. ಹಸಿವಾಗುವ ಮೊದಲೇ ಎಲ್ಲ ಬಡಿಸಿದರೆ ಊಟಕ್ಕೆ ಕೂತವನು ಓಡಿಹೋಗುತ್ತಾನೆ. ಏನೂ ಬಡಿಸದಿದ್ದರೂ ಓಡುತ್ತಾನೆ. ಕೇಳಿದಾಗ, ಕೇಳಿದ್ದನ್ನು, ಕೇಳಿದಷ್ಟು. ರಾತ್ರಿ ಊಟದ ಹೊತ್ತಿಗೆ ನಾದಿನಿ ಅರ್ಧ ಪುಸ್ತಕವನ್ನು ತಾನೇ ಕೇಳಿ ಕೇಳಿ ಬಡಿಸಿಕೊಂಡಿದ್ದಳು. ಹೊಟ್ಟೆ ಭಾರವೆನಿಸಿದ ಲಕ್ಷಣ ಒಂದಿಷ್ಟೂ ಇರಲಿಲ್ಲ.

ಮುಂದಿನ ಭಾನುವಾರ ಬಂತು. ಆ ವಾರವೆಲ್ಲ ಔಷಧಿ ಅಂಗಡಿಗೆ ಕೆಮ್ಮಿಗೆಂದು ಬಂದವರಿಗೂ ನಾದಿನಿ ಯುದ್ಧವನ್ನೇ ಕೊಟ್ಟು ಕಳಿಸಿದ್ದಳು. ನಾನು ಇಬ್ಬರು ಮಹಾರಥರ ಬಾಯಿಗೂ ಪೆಪ್ಪರಮಿಂಟು ಹಾಕಿ ಗ್ರಂಥಾಲಯದ ಕೋಣೆಯ ಬಾಗಿಲಲ್ಲಿ ನಿಂತೆ. ಬಂದರು ನೋಡಿ. ಆರಲ್ಲ, ಹನ್ನೆರಡು ಜನ. ಅಂಚೆ ಗುಮಾಸ್ತರು ಕೊಡೆ ತೆಗೆದುಕೊಂಡು ಹೋಗಲು ಬಂದವರು, ಮೂರು ವಾಕ್ಯ ಕೇಳಿ ಕೊಡೆಯನ್ನು ಮತ್ತೆ ಅದೇ ಮೂಲೆಗಿಟ್ಟು ಕೂತರು. ಎಲ್ಲೆಲ್ಲೂ ಗೇಣು ಹಾಕುವ ಕೈಗಳು, ದಾಳದ ಸದ್ದು, ನಗು. ನನ್ನ ಹೊಲಿಗೆ ತರಗತಿಯ ಒಬ್ಬ ಹುಡುಗಿ ಕುದುರೆಯನ್ನು ಕೈಯಲ್ಲಿ ಎತ್ತಿ ಹಿಡಿದು ಕೇಳಿದಳು: "ಸರ್, ಇದು ಈ ಮನೆ ಮೇಲೆ ಹತ್ತಬಹುದಾ?"

ಇಬ್ಬರು ಗೆಳೆಯರೂ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ಹೊರಗಿನವರು ಯಾರೂ ಕೇಳಿರದ ಪ್ರಶ್ನೆ ಅದು. ದಂಡನಾಯಕರು ಪೆಪ್ಪರಮಿಂಟು ನುಂಗಿಯೇಬಿಟ್ಟರು. ಇಬ್ಬರೂ ಒಂದೇ ದನಿಯಲ್ಲಿ, ಪ್ರಾರ್ಥನೆ ಹೇಳುವವರ ಹಾಗೆ, "ಕುದುರೆ ಛಾವಣಿ ಹತ್ತಕೂಡದು" ಎಂದರು.

ಗ್ರಂಥಾಲಯದ ಮೇಡಂ ಸಂತೋಷದಿಂದ ಕೋಣೆ ಉಳಿಸಿಕೊಟ್ಟರು. ಆದರೆ ಇಷ್ಟು ಜನ ಹಿಡಿಸುವುದಿಲ್ಲ, ಆಟ ಬಂದವರು ಇಲ್ಲಿ ಆಡಲಿ, ಕಲಿಯುವವರು ಬೇರೆಲ್ಲಾದರೂ ಕಲಿತು ಬರಲಿ ಎಂದರು. ಎಲ್ಲರೂ ನನ್ನತ್ತ ತಿರುಗಿದರು. ಯಜಮಾನರು ಜೇಬಿನಿಂದ ನನ್ನ ಟೇಪು ತೆಗೆದರು.

"ಸ್ವಾಮೀ, ನಾನು ಆರು ಅಂದಿದ್ದೆ," ಎಂದು ಮಾರನೆಯ ಬೆಳಿಗ್ಗೆ ಕಿಟಕಿಯ ಬಳಿ ಒಪ್ಪಿಸಿದೆ. ಯಾವ ನಿಯಮಕ್ಕೂ ಸಿಗದವನು ಅವನೊಬ್ಬನೇ.

ಹೀಗೆ ನನ್ನ ಮೇಜಿನ ಮೇಲೆ ಗುಡ್ಡ ಬೆಳೆಯಿತು, ನದಿ ಹರಿಯಿತು. ಕಲಿಸುವವಳು ಆಡಿ ತೋರಿಸಬೇಕಲ್ಲ, ಹಾಗಾಗಿ ನಾನೂ ನಾದಿನಿಯೂ ಎದುರುಬದುರು ಕೂತೆವು. ನನ್ನ ಸೇನೆಯಲ್ಲಿ ತುತ್ತೂರಿ ಊದುವವನೊಬ್ಬನಿದ್ದ. ತುತ್ತೂರಿ ಬಿಟ್ಟರೆ ಅವನ ಕೈಯಲ್ಲಿ ಬೇರೇನೂ ಇಲ್ಲ. ನಾದಿನಿ ದಾಳ ಹಾಕಿ ಮೊದಲು ಅವನನ್ನೇ ಬೀಳಿಸಿದಳು.

"ಪಾಪ, ತುತ್ತೂರಿಯವನಿಗೆ ಹೊಡೀಬಾರದು ಕಣೇ."

"ಎಲ್ಲಿ ಬರೆದಿದೆ ಅತ್ತಿಗೆ?"

"ತಡಿ, ಈಗ ಬರೀತೀನಿ."

ಬರೆದು ತಲೆಯೆತ್ತಿದರೆ ಯಜಮಾನರು ಪಕ್ಕದಲ್ಲಿ ನಿಂತಿದ್ದರು. ನನ್ನ ಮುಂದೆ ಒಂದು ಪೆಪ್ಪರಮಿಂಟು ಇಟ್ಟರು.

ಈಗ ತುತ್ತೂರಿಯ ಅಧ್ಯಾಯ ನಾಲ್ಕು ಪುಟವಾಗಿದೆ. (ನಾದಿನಿ ನಗಾರಿಯವನನ್ನು ಮುಂದೆ ಬಿಟ್ಟು, "ಇವನೂ ಊದೋವ್ನೇ" ಎಂದು ವಾದಿಸಿದರೆ ನಾನೇನು ಮಾಡಲಿ?) ಹೊಸಬರಿಗೆ ಮಾತ್ರ ಈಗಲೂ ಅದೇ ಮೂರು ವಾಕ್ಯ.

ಮೊನ್ನೆ ದಂಡನಾಯಕರು ಬಂದಾಗ ನಾನು ನೆಲದ ಮೇಲೆ ಮೊಣಕಾಲೂರಿ ಬಟ್ಟೆ ಕತ್ತರಿಸುತ್ತಿದ್ದೆ. ಸೊಂಟ ಹಿಡಿದುಕೊಂಡು ಏಳುವುದನ್ನು ಕಂಡು ಅವರ ಮನಸ್ಸು ಕರಗಿತು.

"ಇದು ಅನ್ಯಾಯ ತಂಗೀ. ನನ್ನ ಅಂಗಡಿ ಹಿಂದಿನ ಕೋಣೆ ಖಾಲಿ ಮಾಡಿಸಿದೀನಿ, ಅಲ್ಲಿ ದೊಡ್ಡ ಮೇಜಿದೆ. ಹಲಗೆನ ಇವತ್ತೇ ನಾವು ಹೊತ್ಕೊಂಡು ಹೋಗ್ತೀವಿ. ನಿನ್ನ ಮೇಜು ನಿನಗೆ."

ಯಜಮಾನರು ಆಗಲೇ ಹಲಗೆಯ ಒಂದು ತುದಿಗೆ ಕೈಹಾಕಿದ್ದರು.

"ಬೇಡ ಅಣ್ಣಾ, ನಿಮಗ್ಯಾಕೆ ತೊಂದರೆ," ಎಂದೆ ನಾನು, ಕತ್ತರಿ ಕೆಳಗಿಟ್ಟು. "ನೆಲದ ಮೇಲೇ ಅಭ್ಯಾಸ ಆಗಿದೆ. ರೀ, ನೀವು ಮೊದಲು ಕೈ ತೆಗೀರಿ. ನನ್ನ ಕುದುರೆಗಳು ಈಗಷ್ಟೇ ಸೇತುವೆ ದಾಟಿವೆ."